ಅರಿಸಿನದ ಹೆಬ್ಬೆಟ್ಟು

ಆ ಮನುಷ್ಯ ನಮ್ಮ ಓಣಿಗೆಲ್ಲ ಸುಳ್ಳು ಓದಿದರು. ಆದದ್ದು ಇಷ್ಟೇ. ಅವರು ಸತ್ತ ಮೇಲೆ ಜನ ಏನೇನೋ ಹೇಳುತ್ತಿದ್ದಾರೆ: ದೇವರಂಥವರು, ಬಡವರ ವಕೀಲರು, ಒಂದಕ್ಷರ ಆಚೀಚೆ ಓದಿದವರಲ್ಲ ಎಂದು. ಸತ್ತವರ ಮೇಲೆ ಹೂವು ಹಾಕುವುದು ರೂಢಿ, ಹಾಕಲಿ. ನಾನು ಹಾಕುವುದಿಲ್ಲ. ಅವರ ಟ್ರಂಕಿನಲ್ಲಿದ್ದ ಕಾಗದವನ್ನು ನಾನೇ ಓದಿದ್ದೇನೆ. ನಾಲ್ಕನೆಯ ತರಗತಿಗೆ ಶಾಲೆ ಬಿಟ್ಟವಳು. ಬೆರಳಿಟ್ಟು, ಒಂದೊಂದೇ ಅಕ್ಷರ ಕೂಡಿಸಿಕೊಂಡು, ಮೂರು ಸಲ ಓದಿದೆ. ಮೂರು ಸಲವೂ ಅದೇ ಇತ್ತು. ಆಮೇಲೆ ಆ ಖಾಲಿ ಖೋಲಿಯ ನೆಲದ ಮೇಲೆ ಕೂತುಬಿಟ್ಟೆ.

ಅವರ ಹೆಸರು ಹೇಳುವುದಿಲ್ಲ. ಅರ್ಜಿ ಬರೆಸಿಕೊಂಡವರಿಗೂ ಅವರ ಹೆಸರು ಗೊತ್ತಿರಲಿಲ್ಲ. ಗಂಗಾವತಿಯ ಕೋರ್ಟಿನ ಹೊರಗೆ ಬೇವಿನ ಮರದ ಕೆಳಗೆ ಒಂದು ಮೇಜು, ಒಂದು ಕುರ್ಚಿ, ಬರೆಸುವವರಿಗೆ ಒಂದು ಬೆಂಚು ಇಟ್ಟುಕೊಂಡು ಕೂಡುತ್ತಿದ್ದರು. ಅರ್ಜಿ, ಬಾಡಿಗೆ ಕರಾರು, ಅಣ್ಣತಮ್ಮಂದಿರ ಪಾಲಿನ ಕಾಗದ, ಹೊಲ ಗುತ್ತಿಗೆಗೆ ಕೊಡುವ ಲಾವಣಿ ಕಾಗದ ಎಲ್ಲ ಬರೆಯುತ್ತಿದ್ದರು. ಅರ್ಜಿ ಮಾಸ್ತರು ಎಂದೇ ಎಲ್ಲರೂ ಕರೆಯುತ್ತಿದ್ದದ್ದು. ಯಾವ ಶಾಲೆಯಲ್ಲೂ ಮಾಸ್ತರಿಕೆ ಮಾಡಿದವರಲ್ಲ.

ನನ್ನ ಮನೆಯ ಹಿಂದಿನ ಅಂಗಳದಲ್ಲಿ ಸಾಲಾಗಿ ನಾಲ್ಕು ಖೋಲಿಗಳಿವೆ. ನನ್ನ ಯಜಮಾನರು ಕಟ್ಟಿಸಿ, ಬಣ್ಣ ಹಚ್ಚಿಸುವುದರೊಳಗೆ ಹೋಗಿಬಿಟ್ಟರು. ಮೊದಲನೆಯ ಖೋಲಿಯಲ್ಲಿ ಈ ಮಾಸ್ತರು ಇಪ್ಪತ್ತು ವರ್ಷಕ್ಕೂ ಮೇಲೆ ಇದ್ದರು. ಇದ್ದ ಒಬ್ಬ ಮನುಷ್ಯ, ಎಷ್ಟು ತಕರಾರು! ಬಾಗಿಲ ಮುಂದೆ ಒಂದು ದಿನ ಕಸ ಹೊಡೆದವರಲ್ಲ. ಬೀಗದ ಕೀಲಿಯಿಂದ ಕಿವಿ ಕೆರೆದುಕೊಳ್ಳುವರು. ನಲ್ಲಿ ನೀರು ಬಂದಾಗ ಕೊಡ ಇಟ್ಟು ಪೇಪರ್ ಓದುತ್ತ ಕೂತರೆ, ಕೊಡ ತುಂಬಿ ಹರಿದು ಅಂಗಳವೆಲ್ಲ ಕೆಸರಾದರೂ ತಲೆ ಎತ್ತುತ್ತಿರಲಿಲ್ಲ. ನಾನು ಬೈಯುತ್ತಿದ್ದೆ. "ಬೈರಿ ಅಕ್ಕಾರ, ಬೈದ್ರ ನೀರು ವಾಪಸ್ ಬರ್ತಾವೇನ್ರಿ?" ಎನ್ನುವರು.

ಊರಿಗೆಲ್ಲ ಹನ್ನೊಂದು ತಿಂಗಳ ಬಾಡಿಗೆ ಕರಾರು ಬರೆದುಕೊಡುವ ಮನುಷ್ಯ, ನನ್ನ ಕೂಡ ಒಂದು ಚೀಟಿಯನ್ನೂ ಮಾಡಿಕೊಂಡಿರಲಿಲ್ಲ. ಒಮ್ಮೆ ಕೇಳಿದೆ.

"ನೀವು ಓದೂದು ಸಾವಕಾಶ, ಅಕ್ಕಾರ. ನಾ ಬರಿಯೂದು ಜೋರು. ಅಂಥಾ ಇಬ್ಬರ ನಡುವಿನ ಕಾಗದ ಒಬ್ಬರದ ಆಗತೈತಿ, ಇಬ್ಬರದು ಆಗಂಗಿಲ್ಲ" ಎಂದರು.

ಅವರು ಕೆಲಸ ಮಾಡುವ ರೀತಿ ಬೇರೆಯವರಂತೆ ಇರಲಿಲ್ಲ. ಬೇರೆ ಬರಹಗಾರರು ಬರೆದು, ಹೆಬ್ಬೆಟ್ಟು ಹಿಡಿದು, ಮಸಿಗೆ ಒತ್ತಿ ಕಾಗದಕ್ಕೆ ಒತ್ತಿಸಿ ಕಳಿಸುತ್ತಿದ್ದರು. ಇವರು ಯಾರ ಹೆಬ್ಬೆಟ್ಟನ್ನೂ ಮುಟ್ಟುತ್ತಿರಲಿಲ್ಲ. ಮೊದಲು ಬರೆದದ್ದನ್ನು ಗಟ್ಟಿಯಾಗಿ ಓದುವರು. ಆಮೇಲೆ, "ಈಗ ನಿನ್ನ ಬಾಯಿಲೆ ಹೇಳು" ಎನ್ನುವರು. ಕಾಗದ ಯಾರ ಮೇಲೋ ಅವರನ್ನು ಎದುರಿಗೆ ನಿಲ್ಲಿಸಿಕೊಂಡು ಹೇಳಬೇಕು. ಒಂದು ಸಲ ಅಲ್ಲ, ಮೂರು ಸಲ. ಯಾರಾದರೂ ಹೇಮಗುಡ್ಡದ ದುರ್ಗವ್ವನ ಮೇಲೆ ಆಣೆ ಹಾಕಲು ಹೋದರೆ ಕೈ ಅಡ್ಡ ಹಿಡಿಯುವರು. "ಆಣಿ ಬ್ಯಾಡಪಾ. ಆಕೀಗೆ ಬ್ಯಾರೆ ಕೆಲಸ ಅದಾವ. ನೀ ಮೂರು ಸಲ ಹೇಳು ಸಾಕು. ಅನ್ಯಾಯದ ಮಾತು ಮೂರನೇ ಸಲಕ್ಕ ಗಂಟಲದಾಗ ಸಿಗಿ ಬೀಳತೈತಿ."

ನಿಜವಾಗಿಯೂ ಬೀಳುತ್ತಿತ್ತು. ನಾನೇ ಕಂಡಿದ್ದೇನೆ. ಒಮ್ಮೆ ಅವರಿಗೆ ಊಟದ ಗಂಟು ಕೊಡಲು ಹೋದಾಗ ಕುಷ್ಟಗಿ ಕಡೆಯ ಅಣ್ಣತಮ್ಮ ಬೆಂಚಿನ ಮೇಲೆ ಕೂತಿದ್ದರು. ಹೊಲ ಪಾಲಾಗಿತ್ತು, ಮನೆ ಪಾಲಾಗಿತ್ತು. ತಾಯಿ ತಮ್ಮನ ಪಾಲಿಗೆ, ತನಗೂ ಆಕೆಗೂ ಸಂಬಂಧವಿಲ್ಲ ಎಂದು ಅಣ್ಣ ಬರೆಸಿದ್ದ. ತಾಯಿ ಅಲ್ಲೇ ಬೇವಿನ ಬುಡಕ್ಕೆ ಕೂತು ಎಲೆ ಅಡಿಕೆ ಹಾಕಿಕೊಳ್ಳುತ್ತಿದ್ದಳು.

"ಹೇಳು" ಎಂದರು ಮಾಸ್ತರು.

"ನನಗೂ ಈಕೀಗೂ ಸಂಬಂಧ ಇಲ್ಲ" ಎಂದ ಅಣ್ಣ.

"ಯಾರಿಗೆ ಹೇಳ್ತಿ? ಮರಕ್ಕ? ಆಕಿ ಮಾರಿ ನೋಡಿ ಹೇಳು."

ಎರಡನೆಯ ಸಲ ಹೇಳಿದ. ಮೂರನೆಯದಕ್ಕೆ, "ಇಷ್ಟು ಬರೆಸಿದ್ರ ಸಾಲದೇನ್ರಿ, ಒದರಾಕೂ ಬೇಕೇನು?" ಎಂದು ಮಾಸ್ತರರ ಮೇಲೆಯೇ ಹರಿಹಾಯ್ದ. ಮಾಸ್ತರು ಕಾಗದವನ್ನು ಉದ್ದಕ್ಕೆ ಮಡಿಚಿ ಹರಿದರು. "ಬ್ಯಾರೆ ಬರಿಯೋಣ. ಆರು ತಿಂಗಳು ನೀ, ಆರು ತಿಂಗಳು ಅವ. ಇದನ್ನ ಹೇಳಾಕ ಬರತೈತೇನು?" ಬಂತು. ಮುದುಕಿ ಎಲೆ ಉಗುಳಿ, "ಆರು ತಿಂಗಳಿಗೊಮ್ಮಿ ಗಂಟು ಕಟ್ಟಾಕ ನಾ ಏನ್ ತಹಶೀಲ್ದಾರಳೇನು, ಬದ್ಲಿ ಮಾಡಾಕ?" ಎಂದು ಮಾಸ್ತರರನ್ನೇ ಬೈದಳು.

ಹೀಗಿದ್ದ ಮನುಷ್ಯ. ಅದಕ್ಕೇ ನನಗೆ ಆ ಕಾಗದ ಓದಿ ಎದೆ ಒಡೆದಂತಾದದ್ದು.

ಕೊರೊನಾ ಬಂದ ವರ್ಷ ಕೋರ್ಟಿಗೆ ಬೀಗ ಬಿತ್ತು. ಬೇವಿನ ಮರದ ಕೆಳಗೆ ಪೊಲೀಸರು ಯಾರನ್ನೂ ಕೂಡಗೊಡಲಿಲ್ಲ. ಮಾಸ್ತರು ಖೋಲಿಯ ಮುಂದಿನ ಕಟ್ಟೆಯ ಮೇಲೆ ಕೂತರು. ಅಂಗಳದಲ್ಲಿ ಸುಣ್ಣದಿಂದ ದೂರ ದೂರ ಗುಂಡಗೆ ಗೆರೆ ಎಳೆದು, ಬಂದವರು ಅದರೊಳಗೇ ನಿಲ್ಲಬೇಕು ಎಂದರು. ಬೆಳಗ್ಗೆ ಹಾಲು, ತರಕಾರಿಗೆ ಬಿಟ್ಟ ಹೊತ್ತಿನಲ್ಲಿ ಜನ ಕೈಚೀಲ ಹಿಡಿದು ತರಕಾರಿಗೆ ಬಂದವರಂತೆ ಬಂದು ಕಾನೂನು ಕೇಳಿ ಹೋಗುತ್ತಿದ್ದರು. ಅಂಗಡಿ ಶಟರ್ ಎಳೆದೈತಿ, ಬಾಡಿಗಿ ಕೊಡಬೇಕೇನ್ರಿ? ಗಿರಣಿಯವರು ಬರಬ್ಯಾಡ ಅಂದಾರ, ಕೆಲಸ ಹೋತೋ, ಐತೋ? ಲಾವಣಿ ಮುಗಿತು, ಕೊಯ್ಯಾಕ ಮಷೀನ್ ಬರವಲ್ದು, ಹೊಲದವ ಹೊಲ ಬಿಡು ಅಂತಾನ, ಬೆಳಿ ಯಾರದು? ಕಾಲುವೆ ಕಡೆಯ ಆಂಧ್ರದವರ ಕ್ಯಾಂಪುಗಳಿಂದ ಬಂದವರಿಗೆ ಮಾಸ್ತರು ತೆಲುಗಿನಲ್ಲೇ ಹೇಳುತ್ತಿದ್ದರು. ನಾನು ಒಳಗೆ ಅಕ್ಕಿ ಆರಿಸುತ್ತ ಎಲ್ಲ ಕೇಳುತ್ತಿದ್ದೆ. ಇಷ್ಟು ಜನರ ಬದುಕು ಇಷ್ಟು ತೆಳ್ಳನೆಯ ಕಾಗದದ ಮೇಲೆ ನಿಂತಿದೆ ಎಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಬಹಳ ಮಂದಿಗೆ ಆ ತೆಳ್ಳನೆಯ ಕಾಗದವೂ ಇರಲಿಲ್ಲ.

ಒಂದು ದಿನ ಕಾರಟಗಿ ಕಡೆಯಿಂದ ಹೆಣ್ಣಿನ ತಂದೆಯೊಬ್ಬ ಬಂದ, ಹಿಂದೆಯೇ ಕಲ್ಯಾಣ ಮಂಟಪ ನೋಡಿಕೊಳ್ಳುವವನು. ಮದುವೆ ನಿಂತಿತ್ತು. ಮುಂಗಡ ವಾಪಸ್ ಕೊಡು ಎಂದು ಇವನು, ಕೊಡುವುದಿಲ್ಲ ಎಂದು ಅವನು. ಕರಾರಿನಲ್ಲಿ ಬೆಂಕಿ, ನೆರೆ, ದೈವದ ಆಪತ್ತು ಎಂದಷ್ಟೇ ಬರೆದಿತ್ತು.

"ಇದು ದೈವದ್ದಲ್ಲೇನ್ರಿ ಮತ್ತ? ಮನುಷ್ಯರು ಮಾಡ್ಯಾರೇನು ಈ ರೋಗ?" ಎಂದ ಹೆಣ್ಣಿನ ತಂದೆ.

"ದೇವ್ರು ಯಾಕ ಮದುವಿಗೆ ಅಡ್ಡ ಬರ್ತಾನೋ ಮಾರಾಯ? ಬೀಗ ಹಾಕಿದ್ದು ಸರ್ಕಾರ. ಸರ್ಕಾರ ಅಂತ ಬರೆದೈತೇನು? ತೋರಸು!" ಎಂದ ಮಂಟಪದವನು.

ಮಾಸ್ತರು ಮಂಟಪದವನಿಗೆ, "ಮದುವಿ ಆಗಲಿಲ್ಲ, ಮಂಟಪ ಕೊಡಲಿಲ್ಲ, ಮುಂಗಡನೂ ಕೊಡಂಗಿಲ್ಲ. ಇಷ್ಟು ಇವನ ಮಾರಿ ನೋಡಿ ಮೂರು ಸಲ ಹೇಳು" ಎಂದರು. ಅವನು ಬಾಯಿಗೆ ಕಟ್ಟಿದ ಟವೆಲ್ಲು ಕೆಳಗೆ ಇಳಿಸಿದ, ಮೇಲೆ ಏರಿಸಿದ. ಎರಡನೆಯ ಸಲಕ್ಕೇ, "ಹೋಗಲಿ, ಬೀಗ ತೆಗದ ಮ್ಯಾಲ ಇನ್ನೊಂದು ಮುಹೂರ್ತಕ್ಕ ಪುಕಟ ಕೊಡ್ತೀನಿ" ಎಂದ. ಅಂಗಳದಲ್ಲಿದ್ದವರೆಲ್ಲ ನಕ್ಕರು. ನಾನೂ ನಕ್ಕೆ.

ಮಾರನೆಯ ವಾರ ನನ್ನ ಸರದಿ ಬಂತು.

ಮೂರನೆಯ ಖೋಲಿಯಲ್ಲಿ ಹುಲಿಹೈದರ ಊರಿನ ಒಬ್ಬ ಹೆಣ್ಣುಮಗಳು ಬಾಡಿಗೆಗೆ ಇದ್ದಳು. ಗಂಡ ಸತ್ತು, ದವಾಖಾನೆಯಲ್ಲಿ ಆಯಾ ಆಗಿ ಸೇರಿದ್ದಳು. ಕೊರೊನಾ ವಾರ್ಡಿನ ನೆಲ ಒರೆಸುವ ಪಾಳಿ ಅವಳಿಗೆ ಬಂತು. ಓಣಿಯವರು ಬಂದು ನನ್ನ ಬಾಗಿಲಲ್ಲಿ ನಿಂತರು. ಆಕೆಯನ್ನು ಇಟ್ಟುಕೊಂಡರೆ ನಿಮ್ಮ ಮನೆಗೆ ಹಾಲು ಹಾಕಗೊಡುವುದಿಲ್ಲ ಎಂದರು. ಅವರ ಮೇಲೆ ಹಾಕಿ ನಾನು ಬಚಾವಾಗುವುದಿಲ್ಲ. ಅವರು ಬಾರದಿದ್ದರೂ ನಾನು ಅದನ್ನೇ ಮಾಡುತ್ತಿದ್ದೆ. ನನಗೆ ಸಾಯುವ ಭಯವಿತ್ತು. ಅವಳು ಪಾಳಿಗೆ ಹೋದಾಗ ಅವಳ ಹೊರಗಿನ ಒಲೆ, ಕೊಡ, ಎರಡು ತಪೇಲಿ ತೆಗೆದು ಅಂಗಳದ ಗೇಟಿಗೆ ಇಟ್ಟೆ. ಆಮೇಲೆ ಮಾಸ್ತರರ ಕಟ್ಟೆಗೆ ಹೋದೆ. ಉಪ್ಪಿನಕಾಯಿಗೆ ಮಸಾಲೆ ಕಲಸುತ್ತಿದ್ದವಳು. ಕೈಗೆಲ್ಲ ಅರಿಸಿನ, ಖಾರ.

"ಖೋಲಿ ಬಿಡು ಅಂತ ಒಂದು ನೋಟೀಸ್ ಬರೀರಿ."

"ಯಾರಿಗ್ರಿ ಅಕ್ಕಾರ?"

"ಗೊತ್ತಿಲ್ಲದಂಗ ಕೇಳಬ್ಯಾಡ್ರಿ. ಆಕೀಗೆ."

ಅವರು ಕೀಲಿಯಿಂದ ಕಿವಿ ಕೆರೆದುಕೊಂಡರು. "ಬಸ್ಸಿಲ್ಲ. ಹಳ್ಳಿ ಹಳ್ಳಿಗೂ ದಾರಿಗೆ ಜಾಲಿ ಮುಳ್ಳು ಬಡದಾರ. ಈ ಊರಾಗ ಈಗ ದವಾಖಾನ್ಯಾಗ ಕೆಲಸ ಮಾಡೋರಿಗೆ ಖೋಲಿ ಕೊಡೋರು ಯಾರದಾರ? ಎಲ್ಲಿಗೆ ಹೋಗಬೇಕ್ರಿ ಆಕಿ?"

"ಅದನ್ನ ನನ್ನ ಯಾಕ ಕೇಳ್ತೀರಿ? ಬರೀತೀರೋ, ಬ್ಯಾರೆಯವ್ರ ಕಡೆ ಹೋಗಲೋ?"

"ಬರೀತೀನ್ರಿ. ನನ್ನ ಪದ್ಧತಿ ನಿಮಗ ಗೊತ್ತೈತಿ. ಆಕಿ ಬರಲಿ."

ಮಧ್ಯಾಹ್ನ ಅವಳು ಬಂದಳು. ಗೇಟಿನಲ್ಲಿ ತನ್ನ ತಪೇಲಿ ನೋಡಿ ಅಲ್ಲೇ ನಿಂತಳು. ಓಣಿಯವರೂ ದೂರ ನಿಂತಿದ್ದರು. ಎರಡನೆಯ ಖೋಲಿಯ ಯಲಬುರ್ಗಾದ ಅಡಿಗೆಯವನು ಬಾಗಿಲಲ್ಲಿ ನಿಂತಿದ್ದ. ಖಾನಾವಳಿ ಮುಚ್ಚಿ, ಮಾಲಕ ಪಗಾರ ನಿಲ್ಲಿಸಿದ್ದರಿಂದ ಹಗಲೆಲ್ಲ ಅಲ್ಲೇ ನಿಲ್ಲುತ್ತಿದ್ದ. ಮಾಸ್ತರು ನನ್ನ ನೋಟೀಸು ಗಟ್ಟಿಯಾಗಿ ಓದಿದರು. "ಈಗ ನಿಮ್ಮ ಬಾಯಿಲೆ ಹೇಳ್ರಿ ಅಕ್ಕಾರ" ಎಂದರು.

ಅವಳ ಮುಖ ನೋಡಿ ಹೇಳಿದೆ. "ಈ ಖೋಲಿ ಬಿಡು. ಇವತ್ತಽ ಬಿಡು."

"ಎರಡನೇದ್ದು."

ಹೇಳಿದೆ. ಮೂರನೆಯದಕ್ಕೆ ಅವರು ಕೇಳುವವರೆಗೂ ನಾನು ಕಾಯಲಿಲ್ಲ. ಮೊದಲಿನ ಎರಡಕ್ಕಿಂತ ಜೋರಾಗಿ ಹೇಳಿದೆ. ಗಂಟಲಲ್ಲಿ ಏನೂ ಸಿಗಲಿಲ್ಲ.

ಅವಳು ಬಗ್ಗಿ, ತಪೇಲಿಯೊಳಗೆ ತಪೇಲಿ ಇಡತೊಡಗಿದಳು.

ಆಗ ನಾನು ಮಾಸ್ತರರ ಮುಖ ನೋಡಲಿಲ್ಲ. ನೋಡಬೇಕಿತ್ತು. ಇಷ್ಟು ವರ್ಷಗಳಲ್ಲಿ ಎಷ್ಟು ಜನರ ಗಂಟಲು ಕಟ್ಟಿಸಿದ್ದರೋ. ನನ್ನಂಥ ಬಾಯಿ ಅವರಿಗೆ ಹಿಂದೆ ಸಿಕ್ಕಿರಲಿಕ್ಕಿಲ್ಲ.

"ನಿಲ್ರಿ" ಎಂದು ಅವರು ಖೋಲಿಯೊಳಗೆ ಹೋದರು. ಹೊರಗೆ ಬಂದಾಗ ಕೈಯಲ್ಲಿ ಒಂದು ಕಾಗದ. ದೂರಕ್ಕೆ ಹಿಡಿದು, ಎಲ್ಲರಿಗೂ ಕಾಣುವಂತೆ ಕೆಳಗಿನ ಗುಂಡು ಮೊಹರು ತೋರಿಸಿದರು. "ಸರ್ಕಾರದ ಹುಕುಂ ಬಂದೈತಿ. ಎಲ್ಲಾರೂ ನಿಂತಲ್ಲೇ ನಿಂತು ಕೇಳ್ರಿ" ಎಂದು ಓದಿದರು. ರೋಗ ಇರುವವರೆಗೂ ಕೂಲಿಯವರನ್ನು, ಕೆಲಸಗಾರರನ್ನು, ಓದುವ ಹುಡುಗರನ್ನು ಯಾವ ಮನೆ ಮಾಲಕರೂ ಹೊರಗೆ ಹಾಕುವಂತಿಲ್ಲ. ದವಾಖಾನೆಯಲ್ಲಿ ದುಡಿಯುವವರನ್ನಂತೂ ಮುಟ್ಟುವಂತಿಲ್ಲ. ಕೆಲಸ ನಿಂತಿದ್ದರೂ ಮಾಲಕರು ಪಗಾರ ಹಿಡಿಯುವಂತಿಲ್ಲ. ತಪ್ಪಿದವರ ಮೇಲೆ ಕೇಸು. ಕೊನೆಗೆ ತಲೆ ಎತ್ತಿ, ನನ್ನನ್ನೇ ನೋಡಿ ಓದಿದರು: "ಹೊರಗ ಹಾಕಿದವರ ಮನೀ ಕರೆಂಟಿನ ಮೀಟರ್ ಕಿತ್ತಗೊಂಡು ಹೋಗತಕ್ಕದ್ದು."

ಕೇಸಿಗೆ ನಾನು ಹೆದರಲಿಲ್ಲ. ಮೀಟರಿಗೆ ಹೆದರಿದೆ. ಎಂಥ ಬಿಸಿಲು ಅದು!

ಯಾರೂ ಹತ್ತಿರ ಹೋಗಿ ಕಾಗದ ನೋಡಲಿಲ್ಲ. ರೋಗದ ದಿನ, ಹತ್ತಿರ ಹೋಗುವಂತಿರಲಿಲ್ಲ. ಮೇಲಾಗಿ ಗುಂಡು ಮೊಹರು ಕಂಡ ಮೇಲೆ ಅದರ ಮೇಲಿನ ಅಕ್ಷರ ಓದುವ ಜನ ನಾವಲ್ಲ. ಮಾಸ್ತರು ಕಾಗದವನ್ನು ಮೊಹರಷ್ಟೇ ಕಾಣುವಂತೆ ಮಡಿಚಿ ಕಟ್ಟೆಯ ಮೇಲಿಟ್ಟು, ತಾವು ಹಿಂದೆ ಸರಿದರು. "ಹುಕುಂ ಕೇಳೀನಿ ಅಂತ ಹೆಬ್ಬೆಟ್ಟು ಒತ್ರಿ ಅಕ್ಕಾರ."

"ನನಗ ಸಹಿ ಬರತೈತಿ."

"ಪೆನ್ನು ಒಬ್ಬರದು ಒಬ್ಬರು ಮುಟ್ಟಬಾರದು. ಹೆಬ್ಬೆಟ್ಟಿಗೆ ಅರಿಷಿಣ ಐತೆಲ್ಲ, ಅದಽ ಸಾಕು."

ಒತ್ತಿದೆ. ಮೊಹರಿನ ಪಕ್ಕ ಹಳದಿ ಹೆಬ್ಬೆಟ್ಟು ಬಿತ್ತು. ಅವಳು ಒಲೆ, ಕೊಡ ಎತ್ತಿಕೊಂಡು ಒಳಗೆ ಹೋದಳು. ನಾನು ಉಪ್ಪಿನಕಾಯಿಗೆ ಹೋದೆ. ಓಣಿಯವರು ಹಾಲು ನಿಲ್ಲಿಸಲಿಲ್ಲ. ಅವರ ಮನೆಗಳಲ್ಲೂ ಮೀಟರುಗಳಿದ್ದವು.

ಅದಾದ ಎರಡು ದಿನಕ್ಕೆ ಯಲಬುರ್ಗಾದ ಅಡಿಗೆಯವನು ಕಟ್ಟೆಗೆ ಬಂದ. ಹುಕುಂ ಕೇಳಿದ ಧೈರ್ಯದ ಮೇಲೆ ಮಾಲಕನ ಹತ್ತಿರ ಪಗಾರ ಕೇಳಲು ಹೋಗಿದ್ದ. ಮಾಲಕ ನಕ್ಕು, ಎಲ್ಲಿ ಆ ಕಾಗದ, ತಂದು ತೋರಿಸು ಎಂದಿದ್ದನಂತೆ.

"ಕಾಗದ ಕೊಡ್ರಿ ಮಾಸ್ತರ. ಒಂದು ತಾಸಿನ್ಯಾಗ ತಂದು ಕೊಡ್ತೀನಿ."

"ಅದು ಬರಂಗಿಲ್ಲ. ನಾ ಲೇಬರ್ ಆಫೀಸಿಗೆ ಅರ್ಜಿ ಬರೆದು ಕೊಡ್ತೀನಿ. ಈಗ ಬರೀತೀನಿ, ಕೂಡು."

"ಅರ್ಜಿ ಯಾಂವಗೆ ಬೇಕ್ರಿ? ಹುಕುಂ ಐತಿ ಅಂತ ನೀವಽ ಓದೀರಿ. ತೋರಸಾಕ ಏನ್ ಧಾಡಿ?"

"ಕೊಡಾಕ ಬರಂಗಿಲ್ಲಪಾ."

"ಎಷ್ಟು ಕೊಟ್ಟಾನ್ರಿ ನಮ್ಮ ಮಾಲಕ ನಿಮಗ?" ಎಂದ.

ಮಾಸ್ತರು ತಲೆ ತಗ್ಗಿಸಿ ಕೂತರು. ಮರುದಿನ ಬೆಳಗ್ಗೆ ಅವನು ಗಂಟು ಕಟ್ಟಿಕೊಂಡು ಯಲಬುರ್ಗಾದ ದಾರಿ ಹಿಡಿದು ನಡೆದು ಹೋದ. ಮತ್ತೆ ಬರಲಿಲ್ಲ.

ನಾನೂ ಅವನು ಹೇಳಿದ್ದನ್ನೇ ನಂಬಿದೆ. ತಪ್ಪಿಲ್ಲದವರು ತಲೆ ತಗ್ಗಿಸುತ್ತಾರೆಯೇ? ಮಾಸ್ತರು ಖಾನಾವಳಿಯವನ ಹತ್ತಿರ ಲಂಚ ತಿಂದಿದ್ದಾರೆ ಎಂದು ಬಾವಿಕಟ್ಟೆಯಲ್ಲಿ, ಗಿರಣಿಯಲ್ಲಿ, ಮದುವೆ ಮನೆಗಳಲ್ಲಿ ಹೇಳಿದೆ. ಅವರ ಕಿವಿಗೂ ಬಿದ್ದಿರಬೇಕು. ಒಂದು ದಿನವೂ ಕೇಳಲಿಲ್ಲ. ನಾನು ಕಳಿಸಿದ ಪಲ್ಯ ತಿಂದು ಪಾತ್ರೆ ತೊಳೆದು ಕೊಡುತ್ತಿದ್ದರು.

ಕೋರ್ಟು ಮತ್ತೆ ತೆರೆಯಿತು. ಮಾಸ್ತರು ಬೇವಿನ ಕೆಳಗೆ ಹೋಗಿ ಕೂತರು. ಬರೆಯುವುದು ಮೊದಲಿನಂತೆಯೇ. ಆದರೆ ಬರೆದದ್ದನ್ನು ತಾವು ಓದುವುದು ಬಿಟ್ಟರು. ಬಂದವರಲ್ಲಿಯೇ ಓದು ಬಲ್ಲವರ ಕೈಗೆ ಕೊಟ್ಟು, "ನೀ ಓದಪಾ, ನನ್ನ ಕಣ್ಣು ಮಂಜಾಗ್ಯಾವ" ಎನ್ನುವರು. ಓದುವವರು ಯಾರೂ ಇಲ್ಲದಿದ್ದರೆ, ಓದುವವರನ್ನು ಕರೆದುಕೊಂಡು ಬಾ ಎಂದು ವಾಪಸ್ ಕಳಿಸುವರು. ಮೂರು ಸಲ ಹೇಳಿಸುವುದನ್ನೂ ಬಿಟ್ಟರು. ನಾನೇ ಅವರನ್ನು ಕಣ್ಣಿನ ಶಿಬಿರಕ್ಕೆ ಕರೆದುಕೊಂಡು ಹೋದೆ. ಡಾಕ್ಟರು ದೀಪ ಹಿಡಿದು ನೋಡಿ, "ಅಜ್ಜಾರ ಕಣ್ಣು ನಮ್ಮ ಕಣ್ಣಿಗಿಂತ ಛಲೋ ಅದಾವ" ಎಂದರು. ದಾರಿಯಲ್ಲಿ ಬೈದೆ. "ಕಣ್ಣು ನೆಟ್ಟಗಿಟಗೊಂಡು ನಾಟಕ ಮಾಡ್ತೀರೇನು? ಪೇಪರ್ ಓದೂದು ನಾ ನೋಡೀನಿ."

"ಪೇಪರ್ ನನಗಷ್ಟ ಓದಕೋತೀನ್ರಿ ಅಕ್ಕಾರ. ಇನ್ನೊಬ್ಬರಿಗೆ ಓದೋ ಕಣ್ಣು ಹೋಗ್ಯಾವ" ಎಂದರು. ಮೈಗಳ್ಳತನ ಎಂದುಕೊಂಡೆ.

ಈ ಬೇಸಿಗೆಯಲ್ಲಿ ಅವರಿಗೆ ಎದೆನೋವು ಬಂತು. ಕೊಪ್ಪಳದ ದೊಡ್ಡಾಸ್ಪತ್ರೆಗೆ ಒಯ್ದರು. ಹುಲಿಹೈದರದಾಕೆ ರಜೆ ಹಾಕಿ ಮೂರು ದಿನ ಅವರ ಹತ್ತಿರ ಕೂತಳು. ನಾನು ಒಂದು ಸಲ ಹೋಗಿ ಬಂದೆ. ಮಾತಾಡಲು ತ್ರಾಸಾಗುತ್ತಿತ್ತು. "ಖೋಲಿ ಕೀಲಿ ಕಿಟಕ್ಯಾಗ ಐತ್ರಿ. ಟ್ರಂಕಿನ್ಯಾಗ ಮ್ಯಾಲ ಒಂದು ಕಾಗದ ಐತಿ. ನೀವಽ ಓದ್ರಿ. ಬ್ಯಾರೆಯವ್ರ ಕಡೆ ಓದಸಬ್ಯಾಡ್ರಿ" ಎಂದರು. ಬಾಡಿಗೆಯದೇನೋ ಇರಬೇಕು ಎಂದುಕೊಂಡೆ. ನಾಲ್ಕನೆಯ ದಿನ ಹೋದರು. ಹಿಂದೆ ಮುಂದೆ ಯಾರೂ ಇರಲಿಲ್ಲ. ಮಣ್ಣು ಮಾಡಲು ಬಂದ ಜನ ನೋಡಿ ನಾನೇ ಬೆರಗಾದೆ. ಕುಷ್ಟಗಿಯ ಅಣ್ಣತಮ್ಮ ಇಬ್ಬರೂ ಬಂದಿದ್ದರು.

ಅವರು ಹೋದ ಹನ್ನೆರಡನೆಯ ದಿನ ನನ್ನ ಮಗ ಅಂಗಳಕ್ಕೆ ಅಳತೆಯ ಟೇಪು ಹಿಡಿದು ಬಂದ. ಅವನಿಗೆ ಮೋಟರ್ ರಿಪೇರಿ ಅಂಗಡಿ ಇದೆ. ನಾಲ್ಕೂ ಖೋಲಿ ಕೆಡವಿ ರಸ್ತೆಯ ಕಡೆಗೆ ಬಾಗಿಲು ಮಾಡಿ ಶಟರಿನ ಅಂಗಡಿ ಕಟ್ಟಿಸಬೇಕೆಂದು ಅವನ ಬಹಳ ದಿನದ ಆಸೆ. "ಮಾಸ್ತರರ ಖೋಲಿ ಖಾಲಿ ಆತು. ಎರಡನೇದ್ದು ಖಾಲಿನ ಐತಿ. ನಾಕನೇದ್ದರಾಗ ಕಟಗಿ. ಇನ್ನ ಆಕಿಗೊಂದು ಹೇಳಿಬಿಡು ಯವ್ವಾ. ನೀ ಹೇಳಿದ್ರ ಹೋಗ್ತಾಳ" ಎಂದ.

"ನಾಳೆ ಮುಂಜಾನೆ ಹೇಳ್ತೀನಿ" ಎಂದೆ. ನಿಜವಾಗಿಯೂ ಹೇಳುವವಳಿದ್ದೆ. ಮಗ ಅತ್ತ ಹೋದ ಮೇಲೆ ಮಾಸ್ತರರ ಟ್ರಂಕು ತೆಗೆದೆ.

ಮೇಲೆಯೇ ಇತ್ತು, ಉದ್ದಕ್ಕೆ ಮಡಿಚಿದ ಕಾಗದ. ಬಿಚ್ಚಿದೊಡನೆ ಗುರುತು ಹಿಡಿದೆ. ಗುಂಡು ಮೊಹರಿನ ಪಕ್ಕ ನನ್ನ ಹೆಬ್ಬೆಟ್ಟು. ಹಳದಿ ಮಾಸಿ ತುಕ್ಕಿನ ಬಣ್ಣ ಆಗಿತ್ತು, ಗೆರೆಗಳು ಹಾಗೇ ಇದ್ದವು. ಮೇಲಿನಿಂದ ಓದಿದೆ.

ಹಂದಿಯ ನೋಟೀಸು. ಯಾವುದೋ ಹಳ್ಳಿಯ ಪಂಚಾಯಿತಿಯದು. ಬಿಡಾಡಿ ಹಂದಿಗಳನ್ನು ಸಾಕಿದವರು ಕೂಡಲೇ ಊರ ಹೊರಗೆ ಸಾಗಿಸತಕ್ಕದ್ದು, ತಪ್ಪಿದಲ್ಲಿ ಪಂಚಾಯಿತಿಯೇ ಹಿಡಿದು ಸಾಗಿಸುವುದು ಎಂದಿತ್ತು. ಹಂದಿ ಸಾಕುವವನೊಬ್ಬ ಉತ್ತರ ಬರೆಸಲು ತಂದುಕೊಟ್ಟದ್ದಿರಬೇಕು. ಹೊರಗೆ ಹಾಕಿ ಎನ್ನುವ ಕಾಗದ ಹಿಡಿದುಕೊಂಡು ಆ ಮನುಷ್ಯ ಹೊರಗೆ ಹಾಕಬೇಡಿ ಎಂದು ಓದಿದ್ದರು. ಮೀಟರು! ಮೀಟರಿನ ಮಾತು ಎಲ್ಲಿತ್ತು ಅದರಲ್ಲಿ?

ಮೊದಲು ಸಿಟ್ಟು ಬಂತು. ಹಂದಿ ಕಾಗದಕ್ಕೆ ನನ್ನ ಹೆಬ್ಬೆಟ್ಟು ಒತ್ತಿಸಿದರಲ್ಲ ಎಂದು. ಆಮೇಲೆ ಅಡಿಗೆಯವನ ನೆನಪಾಯಿತು. ಕಾಗದ ಯಾಕೆ ಕೊಡಲಿಲ್ಲ ಎಂದು ಗೊತ್ತಾಯಿತು. ಹಂದಿ ನೋಟೀಸು ಹಿಡಿದು ಅವನು ಮಾಲಕನ ಮುಂದೆ ನಿಂತಿದ್ದರೆ ಎಲ್ಲ ಬಯಲಾಗಿ, ಅದೇ ಹೊತ್ತಿಗೆ ಮೂರನೆಯ ಖೋಲಿಯ ತಪೇಲಿ ಮತ್ತೆ ಗೇಟಿಗೆ ಬರುತ್ತಿತ್ತು. ನಾನೇ ತಂದು ಇಡುತ್ತಿದ್ದೆ. ಲಂಚ ತಿಂದವರು ಎನ್ನಿಸಿಕೊಂಡು ಸುಮ್ಮನಿದ್ದದ್ದು ಅದಕ್ಕೆ. ಹೇಳಿಕೊಂಡು ತಿರುಗಿದವಳು ನಾನು. ಇನ್ನೊಬ್ಬರಿಗೆ ಓದುವ ಕಣ್ಣು ಹೋಗಿದ್ದೂ ಆವತ್ತೇ ಎಂದು ತಿಳಿಯಿತು.

ಕೊಪ್ಪಳದಲ್ಲಿ ವಕೀಲರೊಬ್ಬರ ಕೈಕೆಳಗೆ ಕೆಲಸ ಮಾಡುವ ಮೊಮ್ಮಗಳಿಗೆ ಫೋನ್ ಹಚ್ಚಿದೆ. ಅಂಥ ಹುಕುಂ ಇತ್ತೇ ಎಂದು ಕೇಳಿದೆ.

"ಇತ್ತು ಅಜ್ಜಿ. ದಿಲ್ಲಿಯಿಂದ ಬಂದಿತ್ತು. ಕೆಲಸಗಾರರನ್ನ, ಓದೋ ಹುಡುಗರನ್ನ ಹೊರಗ ಹಾಕಬಾರದು ಅಂತ. ದವಾಖಾನಿಯವರ ಸಲುವಾಗೂ ಇತ್ತು. ಪಗಾರದ್ದೂ ಇತ್ತು, ಅದನ್ನ ಆಮೇಲೆ ವಾಪಸ್ ತಗೊಂಡ್ರು."

"ಮೀಟರ್ ಕೀಳೋದು?"

"ಯಾವ ಮೀಟರ್?" ಎಂದು ನಕ್ಕಳು.

ಅಂದರೆ ಮಾತು ನಿಜವಿತ್ತು, ಕಾಗದ ಸುಳ್ಳಿತ್ತು. ರೇಡಿಯೋದಲ್ಲಿ ಕೇಳಿದ್ದೋ, ಪೇಪರಿನಲ್ಲಿ ಓದಿದ್ದೋ. ಬಾಯಿಮಾತಿನಲ್ಲಿ ಹೇಳಿದ್ದರೆ ನಾನು ಕೇಳುತ್ತಿದ್ದೆನೇ? "ದಿಲ್ಲೀದು ದಿಲ್ಲ್ಯಾಗ ಇರಲಿ" ಎನ್ನುತ್ತಿದ್ದೆ. ಇಷ್ಟಾದರೂ ಸುಳ್ಳು ಸುಳ್ಳೇ. ನಿಜವನ್ನು ಸುಳ್ಳು ಕಾಗದದ ಮೇಲಿಟ್ಟು ಓದಬೇಕಾಯಿತು, ನಾನು ಮೂರನೆಯ ಸಲವೂ ಜೋರಾಗಿ ಹೇಳಿದ್ದಕ್ಕೆ. ಸುಳ್ಳು ಓದಿದವರು ಅವರು. ಓದಿಸಿದವಳು ನಾನು.

ಮರುದಿನ ಮುಂಜಾನೆ ಕಾಗದ ಹಿಡಿದು ಮೂರನೆಯ ಖೋಲಿಯ ಮುಂದೆ ನಿಂತೆ. ಅವಳು ಪಾಳಿಗೆ ಹೊರಟು ಕೈಯಲ್ಲಿ ಊಟದ ಡಬ್ಬಿ ಹಿಡಿದಿದ್ದಳು. ಕಾಗದ ಅವಳ ಕೈಗೆ ಕೊಟ್ಟೆ. ನನಗಿಂತ ಬೇಗ ಓದಿದಳು. ಓದಿ ನನ್ನ ಹೆಬ್ಬೆಟ್ಟಿನ ಮೇಲೆ ಬೆರಳಾಡಿಸಿದಳು.

"ಹಂಗಾರ ನನ್ನ ಖೋಲಿಗೆ ಯಾವ ಹುಕುಮೂ ಇರಲಿಲ್ಲೇನಬೇ?"

"ಇತ್ತು. ದಿಲ್ಲ್ಯಾಗ ಇತ್ತು. ನಮ್ಮ ಅಂಗಳದಾಗ ಇರಲಿಲ್ಲ."

ಅವಳು ಡಬ್ಬಿಯನ್ನು ಹೊಸ್ತಿಲ ಮೇಲಿಟ್ಟು ನೆಟ್ಟಗೆ ನಿಂತಳು. "ನಿನ್ನೆ ನಿನ್ನ ಮಗ ಟೇಪು ಹಿಡದು ಅಳತಿ ಮಾಡಿಕೊಂಡು ಹೋದ. ನೀ ಯಾಕ ಬಂದೀ ಅಂತ ಗೊತ್ತೈತಿ ನನಗ. ಹೇಳು. ಆಗಿನಂಗ ಮೂರು ಸಲ ಹೇಳು. ನಾ ಬಗ್ಗಿ ತಪೇಲಿ ಆರಸಂಗಿಲ್ಲ ಈ ಸಲ, ನಿನ್ನ ಮಾರಿ ನೋಡ್ತೀನಿ."

"ಖೋಲಿ ಕೆಡವಂಗಿಲ್ಲ. ನೀ ಎಲ್ಲಿಗೂ ಹೋಗಂಗಿಲ್ಲ" ಎಂದೆ.

ಅವಳ ಹುಬ್ಬು ಗಂಟಾಯಿತು. ಕಿವಿ ಮೇಲೆ ನಂ‍ಬಿಕೆ ಬರಲಿಲ್ಲವೇನೋ. ಎರಡನೆಯ ಸಲ ಹೇಳಿದೆ. ನಲ್ಲಿಯ ಹತ್ತಿರ ಹಲ್ಲುಜ್ಜುತ್ತಿದ್ದ ನನ್ನ ಮಗ ಬಾಯಲ್ಲಿ ನೊರೆ ಇಟ್ಟುಕೊಂಡೇ, "ಯವ್ವಾ, ಏನ್ ಹೇಳಾಕತ್ತಿ ನೀ?" ಎಂದ.

"ಎರಡಾತು" ಎಂದಳು ಅವಳು, ಬೆರಳು ಮಡಿಚಿ.

ಮೂರನೆಯದನ್ನು ಮಗನ ಕಡೆಗೆ ತಿರುಗಿ ಹೇಳಿದೆ.